ಕೊಟ್ಟಿಗೆಯಲ್ಲಿದ್ದ ಹಿತ್ತಾಳೆ ಪಾತ್ರೆ: ಕಲಾಯಿಗೆ ಮುಂಚೆ ಏನು ನೋಡಬೇಕು?

ಪ್ರಶ್ನೆ, ಔರಾದ್‌ನಿಂದ:
ಅಜ್ಜಿ ತೀರಿಕೊಂಡು 12 ವರ್ಷ ಆಯ್ತು. ಅವರ ಎರಡು ಹಿತ್ತಾಳೆ ಕೊಡ, ಒಂದು ಪರಾತ, ಒಂದು ಬೋಗುಣಿ ಅಂದಿನಿಂದ ದನದ ಕೊಟ್ಟಿಗೆಯ ಅಟ್ಟದ ಮೇಲೇ ಇದ್ದವು. ಹಸಿರು ಕಿಲುಬು ಹಿಡಿದಿದೆ. ಒಂದು ಕೊಡ ನೆಗ್ಗಿದೆ. ಮನೆಯಲ್ಲೇ ತಿಕ್ಕಿ, ಒಳಗೆ ಕಲಾಯಿ (ತವರದ ಲೇಪ) ಹಾಕಿಸಿ ಮತ್ತೆ ಬಳಕೆಗೆ ತರಬೇಕು ಅಂತ ಆಸೆ. ಮಾಡಿದವರು ಹೇಳ್ತೀರಾ?

ಕಲಬುರಗಿಯಿಂದ:
ತಮ್ಮಾ, ಹುಣಸೆಹಣ್ಣು ಆಮೇಲೆ. ಕೊಟ್ಟಿಗೆ ಅಂದ್ಯಲ್ಲ, ನನಗೆ ಅದೇ ಚಿಂತೆ. ದನದ ಗಂಜಲದಿಂದ ಏಳುವ ಅಮೋನಿಯಾ ಹಿತ್ತಾಳೆಗೆ ಶತ್ರು. ಬಡಿದು ಮಾಡಿದ ಪಾತ್ರೆಯ ಒಳಗೆ ಬಿಗುವು ಉಳಿದಿರುತ್ತದೆ. ಅದಕ್ಕೆ ಅಮೋನಿಯಾ, ತೇವ ಎರಡೂ ಸೇರಿದರೆ ಯಾರೂ ಮುಟ್ಟದೆಯೇ ಬಿರಿಯುತ್ತದೆ. ಬ್ರಿಟಿಷರ ಕಾಲದಲ್ಲಿ ನಮ್ಮ ದೇಶದಲ್ಲಿ ಸೈನ್ಯದ ಹಿತ್ತಾಳೆ ತೋಟಾಗಳು ಮಳೆಗಾಲದಲ್ಲಿ ಹೀಗೇ ಸೀಳುತ್ತಿದ್ದವು. ಅವನ್ನು ಇಟ್ಟಿದ್ದು ಕುದುರೆ ಲಾಯದಲ್ಲಿ! ಕಾರಣ ಅಮೋನಿಯಾ ಅಂತ ಸರಿಯಾಗಿ ಗೊತ್ತಾಗಿದ್ದು 1921ರಲ್ಲಿ.

ನಮ್ಮ ಅತ್ತೆಯ ಪರಾತವೂ ಹಾಗೇ ಹೋಯ್ತು. ಅಂಚಿನಿಂದ ಕೂದಲೆಳೆಯಷ್ಟು ಸಣ್ಣ ಗೆರೆ. ಕೊಳೆ ಅಂದುಕೊಂಡು ಎರಡು ದಿನ ತಿಕ್ಕಿದೆ. ಉಗುರು ಆಡಿಸಿದಾಗ ಸಿಕ್ಕಿಕೊಂಡಿತು, ಆಗ ಗೊತ್ತಾಯ್ತು.

ಅದಕ್ಕೇ ಮೊದಲು ಬರೀ ನೀರಲ್ಲಿ ತೊಳೆದು, ಬೆರಳಿಂದ ತಟ್ಟಿ ನೋಡು. ಗಟ್ಟಿ ಪಾತ್ರೆ ಠಣ್ ಅಂತ ಸದ್ದು ಎಳೆಯುತ್ತದೆ, ಬಿರುಕು ಬಿಟ್ಟಿದ್ದು ದಬ್ ಅಂದು ನಿಲ್ಲುತ್ತದೆ. ಆಮೇಲೆ ನೀರು ತುಂಬಿ, ಕೆಳಗೆ ಹಳೇ ಪೇಪರ್ ಹಾಸಿ ರಾತ್ರಿಯಿಡೀ ಬಿಡು.

ಹುಣಸೆಹಣ್ಣು, ಉಪ್ಪು ಹಚ್ಚಿದರೆ ಹತ್ತು ನಿಮಿಷದೊಳಗೆ ತೊಳೆದುಬಿಡು. ಹುಳಿಯಲ್ಲಿ ರಾತ್ರಿಯಿಡೀ ನೆನೆಸಿದರೆ ಹಿತ್ತಾಳೆಯಲ್ಲಿರುವ ಸತು ಕರಗಿ, ಮೇಲೆ ತಾಮ್ರ ಉಳಿದು ಗುಲಾಬಿ ಕಲೆ ಬೀಳುತ್ತದೆ. ಅಮೋನಿಯಾ ಇರುವ ಕ್ಲೀನರ್ ಅಂತೂ ಬೇಡವೇ ಬೇಡ.

ಶಹಾಪುರದಿಂದ:
ಅಕ್ಕ ಹೇಳಿದ್ದು ಸರಿ. ನೆಗ್ಗಿದ ಕೊಡದ ಬಗ್ಗೆ ನನ್ನದೊಂದು ಮಾತು. ಹಿತ್ತಾಳೆ ಬಡಿದಷ್ಟೂ ಗಡಸಾಗುತ್ತದೆ. ಕೆಂಪಗೆ ಕಾಯಿಸಿದರೆ ಮತ್ತೆ ಮೆತ್ತಗಾಗುತ್ತದೆ, ಆಮೇಲೆ ನೀರಲ್ಲಿ ಅದ್ದಿದರೂ ಉಕ್ಕಿನ ಹಾಗೆ ಬಿರುಸಾಗುವುದಿಲ್ಲ. ನಮ್ಮ ಕೊಡವನ್ನು ಒಬ್ಬರು ಕಾಯಿಸದೆ ತಣ್ಣಗಿದ್ದಾಗಲೇ ಬಡಿದರು. ಕತ್ತಿನ ಹತ್ತಿರ ಸೀಳಿತು. ಅವ್ವನ ತವರುಮನೆಯ ಕೊಡ ಅದು, ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಕೊಡುವ ಮುಂಚೆ "ಕಾಯಿಸಿ ಬಡಿತೀರಾ?" ಅಂತ ಕೇಳಿ ಅಣ್ಣ.

ಕಲಾಯಿ ಮಾಡುವಾಗ ಎದುರಿಗೇ ನಿಲ್ಲಿ. ಪಾತ್ರೆ ಕಾಯಿಸಿ ನವಸಾಗರದ (ತವರ ಹಿಡಿಯಲು ಹಾಕುವ ಒಂದು ಉಪ್ಪು) ಪುಡಿ ಉದುರಿಸುತ್ತಾರೆ, ಬಿಳಿ ಹೊಗೆ ಏಳುತ್ತದೆ. ತವರದ ಕಡ್ಡಿ ತಾಗಿಸಿ ಅರಳೆಯಿಂದ ಒರೆಸಿದರೆ ಒಳಗೆಲ್ಲ ಬೆಳ್ಳಿಯ ಹಾಗೆ ಹರಡುತ್ತದೆ. ಹೊಗೆ ಕೆಟ್ಟದ್ದು, ಮಕ್ಕಳನ್ನು ದೂರ ಇಡಿ. ತವರಕ್ಕೆ ಸೀಸ ಬೆರೆಸುವವರು ಇದ್ದಾರೆ, ಇದನ್ನು ಹಗುರವಾಗಿ ತಗೋಬೇಡಿ. ಶುದ್ಧ ತವರದ ಕಡ್ಡಿ ಬಗ್ಗಿಸಿದರೆ ಕರಕರ ಅನ್ನುತ್ತದೆ. ಸದ್ದೇ ಬರದಿದ್ದರೆ ಅಥವಾ ಕಾಗದದ ಮೇಲೆ ಎಳೆದಾಗ ಬೂದು ಗೆರೆ ಬಿದ್ದರೆ ಆ ಕಡ್ಡಿ ಬೇಡ ಅನ್ನಿ. ತವರ 232 ಡಿಗ್ರಿಗೇ ಕರಗುತ್ತದೆ, ಹಾಗಾಗಿ ಬೋಗುಣಿಯನ್ನು ಬರಿದಾಗಿ ಒಲೆ ಮೇಲೆ ಇಡಬೇಡಿ. ಸ್ಟೀಲ್ ಜುಂಗೂ ಬೇಡ. ಕಲಾಯಿ ಸವೆದು ಒಳಗೆ ಹಳದಿ ಕಂಡ ದಿನವೇ ಹುಳಿ ಸಾರು, ಮಜ್ಜಿಗೆ ಹಾಕುವುದು ನಿಲ್ಲಿಸಿ.

ಬೀದರ್‌ನಿಂದ:
ಅಟ್ಟದಲ್ಲಿ ಕಪ್ಪು ಹೂದಾನಿ, ಡಬ್ಬಿ ಏನಾದರೂ ಸಿಕ್ಕಿದ್ದರೆ ಇವುಗಳ ಜೊತೆ ತಿಕ್ಕಬೇಡಿ, ಕೈಮುಗಿದು ಹೇಳುತ್ತೇನೆ. ಅದು ಬಿದರಿ, ಅಂದರೆ ನಮ್ಮ ಬೀದರ್‌ನ ಕಪ್ಪು ಕುಸುರಿ ಕೆಲಸದ ಸಾಮಾನು, ಇರಬಹುದು. ಬಿದರಿಯಲ್ಲಿ ಸತುವೇ ಜಾಸ್ತಿ, ತಾಮ್ರ ಸ್ವಲ್ಪ. ನಮ್ಮ ಕೋಟೆಯ ಮಣ್ಣಿಗೆ ನವಸಾಗರ ಸೇರಿಸಿ ಆ ಕಪ್ಪು ತರುತ್ತಾರೆ. ಹುಣಸೆಹಣ್ಣು ಹಚ್ಚಿದರೆ ಆ ಕಪ್ಪೇ ಹೋಗುತ್ತದೆ. ಮೆತ್ತನೆ ಬಟ್ಟೆಗೆ ಒಂದು ಹನಿ ಕೊಬ್ಬರಿ ಎಣ್ಣೆ ಸಾಕು.

ಔರಾದ್‌ನಿಂದ ಮತ್ತೆ:
ಅಕ್ಕ, ಅಣ್ಣ, ಎಲ್ಲರಿಗೂ ಶರಣು. ನಿನ್ನೆ ರಾತ್ರಿ ನೀರು ತುಂಬಿಟ್ಟೆ. ಕೊಡ ಎರಡೂ ಗಟ್ಟಿ ಇವೆ, ಬೋಗುಣಿಯೂ ಸರಿ ಇದೆ. ಪರಾತದ ಕೆಳಗೆ ಮಾತ್ರ ಪೇಪರ್ ಒಂದು ಕಡೆ ಒದ್ದೆ ಆಗಿತ್ತು. ಉಗುರು ಆಡಿಸಿದೆ, ಸಿಕ್ಕಿಕೊಂಡಿತು. ಅದರಲ್ಲಿ ಅಜ್ಜಿಯ ಹೆಸರು ಕೊರೆದಿದೆ, ಮಾರುವುದಿಲ್ಲ. ಜೋಳ ಕೇರುವಾಗ ಕಾಳು ಹಾಕಲು ಇಟ್ಟುಕೊಳ್ಳುತ್ತೇವೆ. ಉಳಿದ ಮೂರನ್ನು ಕೊಟ್ಟಿಗೆಯಿಂದ ಪಡಸಾಲೆಗೆ ತಂದಾಯ್ತು. ಸೋಮವಾರ ಕಲಾಯಿಗೆ ಹೋಗುತ್ತೇನೆ, ಕಡ್ಡಿ ಬಗ್ಗಿಸಿ ನೋಡಿಯೇ ಕೊಡುತ್ತೇನೆ.