ಟ್ಯಾನ್ ಬ್ರೌನ್ ಗ್ರಾನೈಟ್ ಕಟ್ಟೆ, ಗೋಡೆಗೆ ಯಾವ ಟೈಲ್ಸ್ ಹೊಂದುತ್ತೆ?

ಹೊಸಮನೆ_ತುಮಕೂರು:
ಅಡುಗೆ ಕಟ್ಟೆ ಎಲ್ ಆಕಾರ, 10 ಅಡಿ ಮತ್ತು 6 ಅಡಿ. ಟ್ಯಾನ್ ಬ್ರೌನ್ ಗ್ರಾನೈಟ್ ಕೂರಿಸಿ ಆಗಿದೆ. ಮೇಲಿನ ಕಪಾಟು ಇನ್ನೂ ಹಾಕಿಲ್ಲ, ಕಟ್ಟೆಯಿಂದ 2 ಅಡಿ ಬಿಟ್ಟು ಬರುತ್ತೆ. ಮನೆಯವರಿಗೆ ಚಿತ್ತಾರ ತುಂಬಿದ ಮೊರೊಕನ್ ಡಿಸೈನ್ ಇಷ್ಟ. ಅಂಗಡಿಯವರು ಬಿಳಿ ಮ್ಯಾಟ್ (ಹೊಳಪಿಲ್ಲದ) ಸಬ್‌ವೇ, ಅಂದರೆ ಇಟ್ಟಿಗೆಯಂತೆ ಜೋಡಿಸೋ ಸಣ್ಣ ಟೈಲು, ತಗೊಳ್ಳಿ ಅಂತಾರೆ. ಮೇಸ್ತ್ರಿ ಅದೇ ಗ್ರಾನೈಟನ್ನ ಗೋಡೆಗೂ ಹತ್ತಿಸಿ ಅಂತಾರೆ. ಯಾವುದು ಸರಿ? ಎಷ್ಟು ಟೈಲ್ಸ್ ಬೇಕಾಗುತ್ತೆ?

ಒಳಾಂಗಣ_ಮೈಸೂರು:
ಮೂರೂ ಬೇಡ ಅನ್ನೋದು ನನ್ನ ಸಲಹೆ. ಟ್ಯಾನ್ ಬ್ರೌನ್‌ನಲ್ಲಿ ಕಪ್ಪಿನ ಮೇಲೆ ಕಂದು ಹರಳು, ನಡುವೆ ಬೂದು. ಕಲ್ಲೇ ಸಾಕಷ್ಟು ಗಿಜಿಗಿಜಿ. ಅದರ ಮೇಲೆ ಮೊರೊಕನ್ ಬಂದರೆ ಕಣ್ಣಿಗೆ ನಿಲ್ಲಲು ಜಾಗವೇ ಇರಲ್ಲ. ಚಾಮರಾಜನಗರದ ಅಚ್ಚ ಕಪ್ಪು ಕಲ್ಲಾಗಿದ್ದರೆ ಆ ಡಿಸೈನ್ ಚೆನ್ನಾಗಿಯೇ ಕೂರುತ್ತಿತ್ತು.

ಬಣ್ಣದಲ್ಲಿ ಅಚ್ಚ ಬಿಳಿ ಬೇಡ. ನೀಲಿ ಛಾಯೆಯ ಬಿಳಿಯ ಪಕ್ಕ ಕಂದು ಕಲ್ಲು ಮಣ್ಣುಮಣ್ಣಾಗಿ ಕಾಣುತ್ತೆ. ಕೆನೆ ಬಣ್ಣ ಇಲ್ಲವೇ ತಿಳಿ ಬೀಜ್, ಗ್ಲಾಸಿ, 1 ಅಡಿಗೆ 2 ಅಡಿಯದು, ಅಡ್ಡಡ್ಡ ಎರಡು ಸಾಲು. ಒಗ್ಗರಣೆ ಸಿಡಿದ ಎಣ್ಣೆ, ಅರಿಶಿನ ಗ್ಲಾಸಿ ಮೇಲೆ ಒಂದೇ ಒರೆಸಿಗೆ ಹೋಗುತ್ತೆ, ಮ್ಯಾಟ್‌ನಲ್ಲಿ ಉಜ್ಜುತ್ತಾ ಕೂರಬೇಕು. 3 ಇಂಚಿಗೆ 6 ಇಂಚಿನ ಸಬ್‌ವೇ ಆದರೆ 32 ಚದರ ಅಡಿಗೆ 256 ಟೈಲು. ಅಷ್ಟೂ ಸಂದಿಯಲ್ಲಿ ಅರಿಶಿನ ಕೂರುತ್ತೆ. ಗೋಡೆಗೂ ಅದೇ ಕಲ್ಲು ಅಂದರೆ ಸಂದಿ ಕಡಿಮೆ ನಿಜ, ಆದರೆ ಅಡುಗೆಮನೆ ಗವಿಯಾಗುತ್ತೆ. ಜೊತೆಗೆ ಬೇರೆ ಲಾಟಿನ ಚಪ್ಪಡಿ ಬಂದರೆ ಬಣ್ಣ ಹೊಂದಲ್ಲ.

ಅಂಗಡಿಗೆ ಹೋಗುವಾಗ ಸಿಂಕಿಗೆ ಕತ್ತರಿಸಿದ ತುಂಡು ತಗೊಂಡು ಹೋಗಿ. ಕಲ್ಲನ್ನು ಮಲಗಿಸಿ, ಟೈಲನ್ನು ಅದರ ಹಿಂದೆ ನಿಲ್ಲಿಸಿ ನೋಡಿ. ಎರಡನ್ನೂ ಮಲಗಿಸಿ ನೋಡಿದರೆ ಬೆಳಕು ಬೇರೆ ಬೀಳುತ್ತೆ, ಮೋಸ ಹೋಗ್ತೀರಿ. ಕಾಫಿ ಕಪ್ಪು, ಹಣ್ಣಿನ ಬುಟ್ಟಿ ಚಿತ್ರ ಇರೋ ಹೈಲೈಟರ್ ಟೈಲಿಗೆ ದುಡ್ಡು ಹಾಕಬೇಡಿ, ಅದರ ಮುಂದೆ ಹೇಗೂ ಮಿಕ್ಸಿ ಬರುತ್ತೆ.

ಗಾರೆ_ಹಾಸನ:
ಲೆಕ್ಕ ಹೇಳ್ತೀನಿ. ಒಟ್ಟು 16 ಅಡಿ ಉದ್ದ, ಸಾಲಿಗೆ 8, ಎರಡು ಸಾಲಿಗೆ 16. ಒಲೆ ಹಿಂದೆ ಕಪಾಟು ಇರಲ್ಲ, ಅಲ್ಲಿ ಚಿಮಣಿ ತಳ ದಾಟುವವರೆಗೆ ಹತ್ತಿಸಬೇಕು, ಅದಕ್ಕೆ 4. ಮೂಲೆ, ಸ್ವಿಚ್ ಬಾಕ್ಸ್ ಕಟಿಂಗ್, ಒಡೆದದ್ದು ಅಂತ 4 ಸೇರಿಸಿ 24 ತಗೊಳ್ಳಿ. ಡಬ್ಬಿ ಮೇಲಿನ ಬ್ಯಾಚ್ ಮತ್ತು ಶೇಡ್ ನಂಬರ್ ಎಲ್ಲದರದ್ದೂ ಒಂದೇ ಇರಲಿ.

ಟೈಲಿನ ಎತ್ತರ 300 ಮಿ.ಮೀ. ಎರಡು ಸಾಲು, 2 ಮಿ.ಮೀ. ಸಂದಿ, ಕಲ್ಲಿನ ಮೇಲೆ 3 ಮಿ.ಮೀ. ಬಿಟ್ಟರೆ 605. ನಿಮ್ಮ 2 ಅಡಿ ಅಂದರೆ 610, ಮೇಲೆ 5 ಮಿ.ಮೀ. ಬರಿ ಗೋಡೆ ಕಾಣುತ್ತೆ. ಕಪಾಟು ಇನ್ನೂ ಹಾಕಿಲ್ಲವಲ್ಲ, 23½ ಇಂಚಿಗೆ ಇಳಿಸಲು ಬಡಗಿಗೆ ಈಗಲೇ ಹೇಳಿ.

ಐದು ಕಡೆ ಸಿಮೆಂಟ್ ಉಂಡೆ ಇಟ್ಟು ಒತ್ತೋದಕ್ಕೆ ಬಿಡಬೇಡಿ. ಹಿಂದೆ ಟೊಳ್ಳು ಉಳಿದರೆ ಸ್ಟ್ಯಾಂಡಿಗೆ ಡ್ರಿಲ್ ಹಾಕಿದ ದಿನ ಟೈಲು ಬಿರಿಯುತ್ತೆ. ಹಲ್ಲಿನ ಕರಣೆಯಲ್ಲಿ ಟೈಲ್ ಅಡ್ಹೆಸಿವ್ ಎಳೆಯಲಿ. ಗೋಡೆ ಸಮ ಇದ್ದರೆ 20 ಕೆ.ಜಿ. ಚೀಲ ಒಂದು ಸಾಕು. ಸಿಮೆಂಟಿಗಾದರೆ ಸೆರಾಮಿಕ್ ಟೈಲನ್ನು ಗುಳ್ಳೆ ನಿಲ್ಲುವವರೆಗೆ ನೀರಲ್ಲಿ ನೆನೆಸಬೇಕು, ಅಡ್ಹೆಸಿವ್‌ಗೆ ನೆನೆಸಬಾರದು. ಮೊದಲ ಸಾಲು ಕಟ್ಟೆ ನೋಡಿ ಇಡಬೇಡಿ, ಲೆವೆಲ್ ಗೆರೆ ಹಾಕಿ ಇಡಿ. ಕಟ್ಟೆ ಸಿಂಕಿನ ಕಡೆ ಸ್ವಲ್ಪ ವಾಟ ಇದ್ದೇ ಇರುತ್ತೆ.

ಹೊಸಮನೆ_ತುಮಕೂರು:
ಕೆನೆ ಬಣ್ಣಕ್ಕೆ ಮನೆಯವರೂ ಒಪ್ಪಿದರು. ಟೈಲ್ಸ್ ಸಂದಿ ತುಂಬೋಕೆ ಎಪಾಕ್ಸಿ (ಗಟ್ಟಿಯಾಗೋ ಅಂಟಿನಂಥ ರಾಳ) ದುಬಾರಿ ಅಲ್ವಾ, ವೈಟ್ ಸಿಮೆಂಟ್ ಸಾಕು ಅಂತಾರೆ ಮೇಸ್ತ್ರಿ.

ಗಾರೆ_ಹಾಸನ:
ನಿಮ್ಮ ಅಳತೆಗೆ 1 ಕೆ.ಜಿ. ಎಪಾಕ್ಸಿ ಮುಗಿಯಲ್ಲ. ಸಬ್‌ವೇ ಆಗಿದ್ದರೆ ಬಹಳ ಹೆಚ್ಚು ಬೇಕಾಗುತ್ತಿತ್ತು. ದುಡ್ಡು ಹಿಡಿಯಬೇಕು ಅಂದರೆ ಒಲೆ ಇರೋ ಗೋಡೆಗಾದರೂ ಎಪಾಕ್ಸಿನೇ ಹಾಕಿಸಿ. ವೈಟ್ ಸಿಮೆಂಟ್ ಎಣ್ಣೆ ಕುಡಿದು ಹಳದಿಯಾಗುತ್ತೆ. ಸಂದಿಯ ಬಣ್ಣ ಟೈಲಿಗಿಂತ ಸ್ವಲ್ಪ ಗಾಢವಿರಲಿ.

ಒಳಾಂಗಣ_ಮೈಸೂರು:
ಎಪಾಕ್ಸಿ ಎರಡು ಭಾಗ ಕಲಸಿದ ಮೇಲೆ ಬೇಗ ಗಟ್ಟಿಯಾಗುತ್ತೆ, ಸ್ವಲ್ಪ ಸ್ವಲ್ಪವೇ ಕಲಸಲಿ. ಮೊದಲು ಗ್ರಾನೈಟ್ ಅಂಚಿಗೆ ಮಾಸ್ಕಿಂಗ್ ಟೇಪ್ ಹಾಕಿಸಿ. ಪಾಲಿಶ್ ಮೇಲೆ ಒಣಗಿದ ಎಪಾಕ್ಸಿ ತೆಗೆಯೋದು ದೊಡ್ಡ ರಗಳೆ.

ಕಲ್ಲು ಮತ್ತು ಟೈಲು ಸೇರೋ ಆ 3 ಮಿ.ಮೀ. ಸಂದಿಗೆ ಮಾತ್ರ ಎಪಾಕ್ಸಿಯೂ ಬೇಡ, ಸಿಮೆಂಟೂ ಬೇಡ. ಕಟ್ಟೆ ಒಂದು ಕಡೆ ಕುಗ್ಗಿದರೆ ಗೋಡೆ ಕುಗ್ಗಲ್ಲ, ಗಟ್ಟಿ ತುಂಬಿದ್ದು ಬಿರಿದು ನೀರು ಕೆಳಗಿನ ಕಪಾಟಿಗೆ ಇಳಿಯುತ್ತೆ. ಅಲ್ಲಿಗೂ ಎಲ್ ಮೂಲೆಯ ನಿಂತ ಸಂದಿಗೂ ರಬ್ಬರಿನಂತೆ ಬಾಗೋ ನ್ಯೂಟ್ರಲ್ ಸಿಲಿಕೋನ್ ಹಾಕಿಸಿ, ಬೂಷ್ಟು ಹಿಡಿಯದ ಬಗೆಯದ್ದು. ಹುಳಿ ವಾಸನೆ ಬರೋದು ಕಲ್ಲಿಗೆ ಆಗಲ್ಲ. ಹಾಕಿ ಒಂದು ದಿನ ನೀರು ಸೋಕಿಸಬೇಡಿ.