ಕಣ್ಣಿನ ಆಪರೇಷನ್: ಮುಖ ಮುಚ್ಚುವ ಬಟ್ಟೆ (ಡ್ರೇಪ್) ಹಾಕಿದ ಮೇಲೆ ಉಸಿರು ಕಟ್ಟುತ್ತೆ ಅನ್ನುವವರಿಗೆ ಏನು ಮಾಡುತ್ತೀರಿ?

ನರ್ಸಿಂಗ್ ಆಫೀಸರ್, ಕೋಲಾರ ಜಿಲ್ಲೆ:
ಪೊರೆ ಆಪರೇಷನ್ ದಿನ ಹತ್ತು-ಹನ್ನೆರಡು ಜನ ಇರುತ್ತಾರೆ, ಹೆಚ್ಚಿನವರು ಅರವತ್ತು ದಾಟಿದವರು. ಬ್ಲಾಕ್ (ಕಣ್ಣು ಮರಗಟ್ಟಿಸುವ ಇಂಜೆಕ್ಷನ್) ಆದ ಮೇಲೆ ಮೂಗಿಗೆ ಪ್ರಾಂಗ್ಸ್ (ಸಣ್ಣ ಕೊಳವೆ) ಹಾಕಿ ನಿಮಿಷಕ್ಕೆ 2 ಲೀಟರ್ ಆಕ್ಸಿಜನ್ ಬಿಡುತ್ತೇವೆ. ಆಕ್ಸಿಮೀಟರಿನಲ್ಲಿ ಸ್ಯಾಚುರೇಷನ್ (ರಕ್ತದ ಆಕ್ಸಿಜನ್ ಮಟ್ಟ) ಶೇ 98–99 ಇದ್ದರೂ ಹತ್ತು ನಿಮಿಷಕ್ಕೆ ಕೆಲವರು "ಉಸಿರು ಕಟ್ತಾ ಇದೆ" ಅಂತ ತಲೆ ಅಲ್ಲಾಡಿಸುತ್ತಾರೆ. ಬಿಟ್ಟ ಉಸಿರಿನ ಇಂಗಾಲದ ಡೈಆಕ್ಸೈಡ್ ಅಳೆಯುವ ಕ್ಯಾಪ್ನೋಗ್ರಫಿ ಇಲ್ಲ. ಆಕ್ಸಿಜನ್ ಜಾಸ್ತಿ ಮಾಡಬೇಕೋ, ನಿದ್ದೆ ಬರುವ ಇಂಜೆಕ್ಷನ್ ಕೊಡಬೇಕೋ?

ಅರಿವಳಿಕೆ ತಜ್ಞರು, ತುಮಕೂರು:
ಎರಡೂ ಬೇಡ. ಅವರು ಹೇಳುತ್ತಿರುವುದು ನಿಜ, ಅದು ಬರೀ ಹೆದರಿಕೆ ಅಲ್ಲ. ಆಕ್ಸಿಮೀಟರ್ ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಅನ್ನುವುದನ್ನು ಮಾತ್ರ ಹೇಳುತ್ತದೆ, ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗುತ್ತಿದೆಯಾ ಅನ್ನುವುದನ್ನಲ್ಲ. ಮಲಗಿರುವ ವಯಸ್ಕರು ನಿಮಿಷಕ್ಕೆ ಸುಮಾರು 200 ಮಿಲಿಲೀಟರ್ ಇಂಗಾಲದ ಡೈಆಕ್ಸೈಡ್ ಬಿಡುತ್ತಾರೆ. ಪ್ಲಾಸ್ಟಿಕ್ ಡ್ರೇಪ್ ಸುತ್ತಲೂ ಅಂಟಿಕೊಂಡಿದ್ದು, ಒಳಗೆ ಹೋಗುವ ಗಾಳಿ 2 ಲೀಟರ್ ಮಾತ್ರ ಅಂದರೆ, ಲೆಕ್ಕದಲ್ಲಿ ಅಲ್ಲಿ ಶೇ 10ರವರೆಗೆ ಅದೇ ತುಂಬಬಹುದು. ನಿಜದಲ್ಲಿ ಸಂದಿಯಲ್ಲಿ ಸೋರುವುದರಿಂದ ಅಷ್ಟಾಗುವುದಿಲ್ಲ. ಆದರೂ ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳುತ್ತಾರೆ: ಉಸಿರಾಟ ಜೋರಾಗುತ್ತದೆ, ಬಿಪಿ ಏರುತ್ತದೆ, ಬೆವರುತ್ತಾರೆ, ಅಲ್ಲಾಡುತ್ತಾರೆ. ಅದೇ 10 ಲೀಟರ್ ಗಾಳಿ ಆಡಿದರೆ ಶೇ 2ಕ್ಕೆ ಇಳಿಯುತ್ತದೆ. ಬೇಕಿರುವುದು ಗಾಳಿಯ ಓಡಾಟ, ಆಕ್ಸಿಜನ್ ಅಲ್ಲ.

ಓಟಿ ಟೆಕ್ನಿಷಿಯನ್, ಚಿಕ್ಕಬಳ್ಳಾಪುರ:
ಮೊದಲು ಬಟ್ಟೆಯನ್ನು ಮುಖದಿಂದ ಎತ್ತಿ. ಟೇಬಲ್ಲಿನ ಪಕ್ಕದ ಪಟ್ಟಿಗೆ ಎಲ್ ಆಕಾರದ ಸರಳು ಸಿಕ್ಕಿಸಿ, ಗಲ್ಲದಿಂದ ಒಂದು ಗೇಣು ಮೇಲೆ ಬರುವ ಹಾಗೆ ಕೂರಿಸಿದರೆ ಡ್ರೇಪ್ ಅದರ ಮೇಲೆ ನಿಲ್ಲುತ್ತದೆ. ಸರಳಿಲ್ಲದಿದ್ದರೆ ಉಪಕರಣ ಇಡುವ ಮೇಯೋ ಟ್ರೇಯನ್ನೇ ಎದೆಯ ಮೇಲಕ್ಕೆ ತನ್ನಿ. ಆಪರೇಷನ್ ಆಗದ ಕಣ್ಣಿನ ಕಡೆ, ಕುತ್ತಿಗೆಯ ಹತ್ತಿರ, ಬಟ್ಟೆಯನ್ನು ಅಂಟಿಸದೆ ಬಿಡಿ. ಅಲ್ಲೇ ಸಕ್ಷನ್ ಟ್ಯೂಬಿನ ತುದಿ ಇಟ್ಟರೆ ಹಳಸಲು ಗಾಳಿಯನ್ನು ಎಳೆದುಕೊಳ್ಳುತ್ತದೆ. ತುದಿ ಚರ್ಮಕ್ಕೆ ಕಚ್ಚದ ಹಾಗೆ ಗಾಜ್ ಸುತ್ತಿ.

ಗಾಳಿಯ ಪೈಪ್‌ಲೈನ್ ಇಲ್ಲದ ಕಡೆ ವೆಂಚುರಿ ವಾಲ್ವ್ ಒಳ್ಳೆಯ ಉಪಾಯ. 24 ಪರ್ಸೆಂಟ್ ಆಕ್ಸಿಜನ್ ಬರುವ ವಾಲ್ವ್‌ಗೆ 2 ಲೀಟರ್ ಆಕ್ಸಿಜನ್ ಕೊಟ್ಟರೆ ಸುತ್ತಲಿನ ಗಾಳಿಯನ್ನು ಸೆಳೆದು ಒಟ್ಟು 50 ಲೀಟರ್ ಆಸುಪಾಸು ಊದುತ್ತದೆ. ಎರಡು ತಪ್ಪು ಆಗುತ್ತವೆ. ವಾಲ್ವಿನ ಕಿಂಡಿಗಳು ಡ್ರೇಪ್ ಒಳಗೆ ಸೇರಿದರೆ ಒಳಗಿನ ಹಳಸಲು ಗಾಳಿಯೇ ಸುತ್ತುತ್ತದೆ, ಆದ್ದರಿಂದ ವಾಲ್ವ್ ಹೊರಗಿರಬೇಕು. ಕಿರಿದಾದ ಟ್ಯೂಬ್ ಹಾಕಿದರೆ ಎದುರೊತ್ತಡಕ್ಕೆ ಗಾಳಿ ಸೆಳೆಯುವುದು ಕಡಿಮೆಯಾಗಿ ಆಕ್ಸಿಜನ್ ಪ್ರಮಾಣ ಏರುತ್ತದೆ, ಅದಕ್ಕೇ ಗಿಡ್ಡನೆಯ, ಅಗಲ ಬಾಯಿಯ ಸುಕ್ಕುಸುಕ್ಕು ಟ್ಯೂಬೇ ಆಗಬೇಕು. ಸಿಲಿಂಡರೂ ಉಳಿಯುತ್ತದೆ. ತುಂಬಿದ ಬಿ ಟೈಪ್‌ನಲ್ಲಿ ಇರುವುದು 1500 ಲೀಟರ್. 10 ಲೀಟರಿನಂತೆ ಬಿಟ್ಟರೆ ಎರಡೂವರೆ ಗಂಟೆ, 2 ಲೀಟರಿನಂತೆ ಹನ್ನೆರಡೂವರೆ ಗಂಟೆ. ಒತ್ತಡ ತೋರಿಸುವ ಗೇಜ್ 150ರಿಂದ 50ಕ್ಕೆ ಇಳಿದರೆ 500 ಲೀಟರ್ ಉಳಿದ ಹಾಗೆ. ಅದನ್ನು ಕೈಯಿಂದ ಒತ್ತಿ ಉಸಿರು ಕೊಡುವ ಅಂಬು ಬ್ಯಾಗಿಗೆ ಮೀಸಲಿಟ್ಟು ಬೇರೆ ಸಿಲಿಂಡರ್ ಹಾಕಿ.

ಕಣ್ಣಿನ ಡಾಕ್ಟರ್, ತುಮಕೂರು:
ಬಟ್ಟೆಯೊಳಗೆ ಆಕ್ಸಿಜನ್ ತುಂಬಿದ್ದಾಗ ರಕ್ತ ನಿಲ್ಲಿಸಲು ಬಿಸಿ ತಂತಿಯ ಕಾಟರಿ ಮುಟ್ಟಿಸಿದರೆ ಡ್ರೇಪ್, ಹುಬ್ಬು, ಒಣಗದ ಸ್ಪಿರಿಟ್ ಎಲ್ಲವೂ ಹೊತ್ತಿಕೊಳ್ಳುತ್ತವೆ. ಮುಖದ ಹತ್ತಿರ ಆಕ್ಸಿಜನ್ ಶೇ 30 ದಾಟದಿರಲಿ. ಕಾಟರಿ ಬೇಕು ಎಂದಾಗ ಡಾಕ್ಟರ್ ಬಾಯಿಬಿಟ್ಟು ಹೇಳಬೇಕು, ಸಿಸ್ಟರ್ ಆಕ್ಸಿಜನ್ ನಿಲ್ಲಿಸಿ ಒಂದು ನಿಮಿಷವಾದರೂ ಕಾಯಬೇಕು. ಒದ್ದೆಯಲ್ಲಿ ಬಳಸುವ ಬೈಪೋಲಾರ್ ಕಾಟರಿ ಇದ್ದರೆ ಅದೇ ವಾಸಿ.

ಇನ್ನು ಯಾರನ್ನು ಮಲಗಿಸುತ್ತೀರಿ ಅನ್ನುವುದು. ಹಿಂದಿನ ದಿನವೇ ಮುಖದ ಮೇಲೆ ತೆಳು ಬಟ್ಟೆ ಹಾಕಿ 20–30 ನಿಮಿಷ ಅಂಗಾತ ಮಲಗಿಸಿ ನೋಡಿ. ಕೆಜಿಎಫ್ ಗಣಿಯಲ್ಲಿ ದುಡಿದವರು, ಕ್ರಷರ್ ಧೂಳು ಕುಡಿದವರು, ಬೀಡಿ ಸೇದುವವರು ಇಲ್ಲೇ ಗೊತ್ತಾಗುತ್ತಾರೆ. ಪಾವಗಡ, ಬಾಗೇಪಲ್ಲಿ ಕಡೆಯ ಫ್ಲೋರೈಡ್ ನೀರಿಗೆ ಬೆನ್ನು, ಕುತ್ತಿಗೆ ಸೆಟೆದವರನ್ನು ಬಲವಂತವಾಗಿ ಚಪ್ಪಟೆ ಮಾಡಬೇಡಿ. ತಲೆಗೆ, ಮಂಡಿ ಕೆಳಗೆ ದಿಂಬು ಕೊಟ್ಟು ಇಡೀ ಟೇಬಲ್ಲನ್ನು ತಲೆಕಡೆ 10–15 ಡಿಗ್ರಿ ಎತ್ತಿ, ಮೈಕ್ರೋಸ್ಕೋಪನ್ನು ಅದಕ್ಕೆ ತಕ್ಕಂತೆ ಬಾಗಿಸಿಕೊಳ್ಳಬಹುದು. ಕೆಮ್ಮು ನಿಂತಿಲ್ಲವೆಂದರೆ ಮುಂದೂಡಿ. ಕಣ್ಣು ತೆರೆದಿರುವಾಗ ಒಂದು ಜೋರು ಕೆಮ್ಮು ಬಂದರೆ ಮಸೂರದ ಹಿಂಬದಿಯ ತೆಳು ಪದರ ಹರಿಯಬಹುದು, ಒಳಗೆ ರಕ್ತಸ್ರಾವವೂ ಆಗಬಹುದು.

ನರ್ಸಿಂಗ್ ಆಫೀಸರ್, ಕೋಲಾರ ಜಿಲ್ಲೆ:
ಸಿಒಪಿಡಿ (ಶ್ವಾಸನಾಳ ಕಿರಿದಾಗುವ ದೀರ್ಘಕಾಲದ ಕಾಯಿಲೆ) ಇರುವವರಿಗೆ ಎಷ್ಟು ಆಕ್ಸಿಜನ್? ತೀರಾ ಒದ್ದಾಡುವವರಿಗೂ ಮಿಡಜೋಲಾಮ್ (ನಿದ್ದೆ ಬರುವ ಇಂಜೆಕ್ಷನ್) ಬೇಡವೇ?

ಅರಿವಳಿಕೆ ತಜ್ಞರು, ತುಮಕೂರು:
ಸಿಒಪಿಡಿಯವರಿಗೆ ಸ್ಯಾಚುರೇಷನ್ 88–92 ಸಾಕು, 99 ಮಾಡಲು ಹೋಗಬೇಡಿ. ಒದ್ದಾಟಕ್ಕೆ ಮೊದಲು ಕಾರಣ ಹುಡುಕಿ: ಬಟ್ಟೆ ಮೂಗಿಗೆ ಅಂಟಿದೆಯಾ, ಮೂತ್ರ ತುಂಬಿದೆಯಾ, ಬ್ಲಾಕ್ ಹಿಡಿದಿಲ್ಲವಾ. ಮಿಡಜೋಲಾಮ್ ಕೊಡಲೇಬೇಕಾದರೆ, ಅರಿವಳಿಕೆ ಡಾಕ್ಟರ್ ಎದುರಿಗಿದ್ದಾಗ ಮಾತ್ರ, ವಯಸ್ಸಾದವರಿಗೆ ಅರ್ಧ ಮಿಲಿಗ್ರಾಂನಿಂದ ಶುರು, ಮತ್ತೆ ಕೊಡುವ ಮುನ್ನ 3–5 ನಿಮಿಷ ಕಾಯುವುದು. ಮಿಲಿಲೀಟರಿಗೆ 1 ಮಿಲಿಗ್ರಾಂ, 5 ಮಿಲಿಗ್ರಾಂ ಎರಡೂ ಬಗೆ ಸಿಗುತ್ತವೆ, ಲೇಬಲ್ ಓದದೆ "ಅರ್ಧ" ಅನ್ನುವುದು ಅಪಾಯ. ಅದರ ಪರಿಣಾಮ ಇಳಿಸುವ ಫ್ಲುಮಜೆನಿಲ್ ಕೈಗೆಟುಕುವಂತಿರಲಿ.

ನಾನು ಹೆಚ್ಚು ಹೆದರುವುದು ಬ್ಲಾಕಿನ ಔಷಧ ದೃಷ್ಟಿನರದ ಕವಚದೊಳಗಿಂದ ಮೆದುಳಿಗೆ ಏರುವುದಕ್ಕೆ. ಅಪರೂಪ, ಆದರೆ ಹೆಚ್ಚಾಗಿ ಸೂಜಿ ಹಾಕಿದ 2ರಿಂದ 20 ನಿಮಿಷದೊಳಗೆ ಕಾಣಿಸಿಕೊಳ್ಳುತ್ತದೆ: ಮಾತು ತೊದಲುವುದು, ನಡುಕ, ಇನ್ನೊಂದು ಕಣ್ಣಿನ ಪಾಪೆ ಹಿಗ್ಗಿ ಆ ಕಣ್ಣೂ ಮಬ್ಬಾಗುವುದು, ಆಮೇಲೆ ಉಸಿರೇ ನಿಲ್ಲುವುದು. ಡ್ರೇಪ್ ಕಿತ್ತು ಅಂಬು ಬ್ಯಾಗಿನಲ್ಲಿ ಉಸಿರು ಕೊಡುತ್ತಾ ಹೋದರೆ ಸಾಮಾನ್ಯವಾಗಿ ಕೆಲವು ಗಂಟೆಯಲ್ಲಿ ಸರಿಹೋಗುತ್ತಾರೆ. ತಡೆಯಲು 25 ಮಿಲಿಮೀಟರಿನ ಸೂಜಿ, ರೋಗಿಯ ನೋಟ ನೇರ ಮುಂದಕ್ಕೆ. ಮೇಲಕ್ಕೆ-ಒಳಕ್ಕೆ ನೋಡಿಸಿದರೆ ನರ ಸೂಜಿಯ ದಾರಿಗೆ ಬರುತ್ತದೆ. ಸೂಜಿಯ ಬದಲು ಮೊಂಡು ತುದಿಯ ಕೊಳವೆಯಿಂದ (ಕ್ಯಾನುಲಾ) ಔಷಧ ಬಿಡುವ ಸಬ್-ಟೆನಾನ್ ಬ್ಲಾಕ್ ಗೊತ್ತಿದ್ದವರು ಅದನ್ನೇ ಮಾಡಲಿ. ಬ್ಲಾಕ್ ಆದೊಡನೆ ಡ್ರೇಪ್ ಹಾಕಿ ಮುಖ ಮುಚ್ಚುವ ಆತುರ ಬೇಡ, ಮಾತಾಡಿಸುತ್ತಾ ಕನಿಷ್ಠ ಹತ್ತು ನಿಮಿಷ ನೋಡಿ.

ಓಟಿ ಟೆಕ್ನಿಷಿಯನ್, ಚಿಕ್ಕಬಳ್ಳಾಪುರ:
ಮಾತಾಡಿಸುವುದು ಅಂದಿರಲ್ಲ, ನಮ್ಮ ಕಡೆ ಅರ್ಧ ಜನಕ್ಕೆ ಮನೆಮಾತು ತೆಲುಗು. "ಊಪಿರಿ ಆಡತಾ ಉಂದಾ?" (ಉಸಿರಾಡ್ತಾ ಇದೆಯಾ?) ಅಂತ ಕೇಳಿದರೆ ಬೇಗ ಉತ್ತರ ಬರುತ್ತದೆ. ಆಪರೇಷನ್ ನಡೆಯುವಾಗ ಮಾತಾಡಿದರೆ ತಲೆ ಅಲುಗುತ್ತದೆ, ಆದ್ದರಿಂದ ಕೈಗೆ ಕೀಂಗುಟ್ಟುವ ರಬ್ಬರ್ ಗೊಂಬೆ ಕೊಡಿ: ಒಂದು ಸಲ ಒತ್ತಿದರೆ ಕೆಮ್ಮು ಬರ್ತಿದೆ, ಎರಡು ಸಲ ಒತ್ತಿದರೆ ಗಾಳಿ ಸಾಲದು. ಇದನ್ನು ಡ್ರೇಪ್ ಹಾಕುವ ಮೊದಲೇ ಒತ್ತಿಸಿ ನೋಡಿರಬೇಕು.