ಮೊದಲ ಮಗುವಿಗೆ ಥಲಸ್ಸೇಮಿಯಾ, ಎರಡನೆಯದಕ್ಕೆ ಭ್ರೂಣ ಪರೀಕ್ಷೆ ಮಾಡಿಸಬೇಕಾ?

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ಮಗನಿಗೆ ನಾಲ್ಕು ವರ್ಷ, ಥಲಸ್ಸೇಮಿಯಾ ಮೇಜರ್, ಅಂದರೆ ಹುಟ್ಟಿನಿಂದಲೇ ರಕ್ತ ಸರಿಯಾಗಿ ಆಗದ ಕಾಯಿಲೆ. ರಕ್ತ ಹಾಕಿಸಲು ಮೂರು ವಾರಕ್ಕೊಮ್ಮೆ ಶಿವಮೊಗ್ಗಕ್ಕೆ ಹೋಗುತ್ತೇವೆ. ಮಳೆಗಾಲದಲ್ಲಿ ಆ ಓಡಾಟ ಬೇಡವೇ ಬೇಡ. ನನ್ನ ಗಂಡ ಸೋದರತ್ತೆ ಮಗ. ಸಂಬಂಧದಲ್ಲಿ ಆಗಿದ್ದೇ ತಪ್ಪಾಯಿತು ಎಂದು ಹಿರಿಯರು ಈಗ ಹೇಳುತ್ತಾರೆ. (ಮದುವೆ ಮಾಡಿಸಿದ್ದೂ ಅವರೇ!) ಇನ್ನೊಂದು ಮಗು ಬೇಕು. ಐವಿಎಫ್‌ನಲ್ಲಿ ಹೊರಗೇ ಭ್ರೂಣ ಮಾಡಿ, ಪರೀಕ್ಷಿಸಿ ಗರ್ಭಕ್ಕೆ ಹಾಕುತ್ತಾರಂತೆ, ಮಾಡಿಸಬಹುದಾ?

ಉತ್ತರ: ಸಂಬಂಧದಲ್ಲಿ ಮದುವೆಯಾದರೆ ಈ ಕಾಯಿಲೆಯ ಸಾಧ್ಯತೆ ಜಾಸ್ತಿ, ನಿಜ. ಆದರೆ ಗಂಡ ಹೆಂಡತಿ ಇಬ್ಬರೂ ವಾಹಕರಾದರೆ, ಅಂದರೆ ಕಾಯಿಲೆ ಇಲ್ಲದೆ ತಪ್ಪಿರುವ ಜೀನ್ ಒಂದನ್ನು ಹೊತ್ತಿದ್ದರೆ, ಸಂಬಂಧ ಇರಲಿ, ಇಲ್ಲದಿರಲಿ, ಲೆಕ್ಕ ಒಂದೇ. ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಕಾಯಿಲೆ, ಎರಡು ಪಾಲು ನಿಮ್ಮ ಹಾಗೆ ವಾಹಕ, ಒಂದು ಪಾಲು ಏನೂ ಇಲ್ಲ. ಮೊದಲನೆಯದಕ್ಕೆ ಬಂದಾಯಿತು, ಇನ್ನು ಬರುವುದಿಲ್ಲ ಎಂದುಕೊಳ್ಳಬೇಡಿ.

ನೀವು ಕೇಳಿದ್ದು ಪಿಜಿಟಿ-ಎಂ, ಅಂದರೆ ಒಂದು ಜೀನಿನ ಕಾಯಿಲೆ ಇದೆಯಾ ಎಂದು ಭ್ರೂಣದಲ್ಲೇ ನೋಡುವ ಪರೀಕ್ಷೆ. ಐದು ಅಥವಾ ಆರನೇ ದಿನದ ಭ್ರೂಣದಲ್ಲಿ, ಮುಂದೆ ಮಾಸು ಆಗುವ ಹೊರಪದರದಿಂದ ಕೆಲವು ಕೋಶ ತೆಗೆಯುತ್ತಾರೆ. ಭ್ರೂಣವನ್ನು ಫ್ರೀಜ್ ಮಾಡಿಟ್ಟು ರಿಪೋರ್ಟ್‌ಗೆ ಕಾಯುತ್ತಾರೆ. ವಾಹಕ ಭ್ರೂಣವನ್ನೂ ಹಾಕಬಹುದು, ಆ ಮಗು ನಿಮ್ಮಷ್ಟೇ ಆರೋಗ್ಯವಾಗಿರುತ್ತದೆ. ತೊಂದರೆ ಇರುವುದು ಸಂಖ್ಯೆಯಲ್ಲಿ. ಹತ್ತು ಮೊಟ್ಟೆ ಸಿಕ್ಕರೂ ಐದನೇ ದಿನಕ್ಕೆ ಮೂರೋ ನಾಲ್ಕೋ ಭ್ರೂಣ ಉಳಿಯಬಹುದು. ಅಡಿಕೆ ಗೋಟು ಹಾಕಿದ್ದೆಲ್ಲ ಸಸಿಯಾಗುವುದಿಲ್ಲ ಅಲ್ವಾ? ಒಳ್ಳೆಯ ಭ್ರೂಣ ಸಿಕ್ಕರೂ ಗರ್ಭ ನಿಂತೇ ನಿಲ್ಲುತ್ತದೆ ಎನ್ನುವ ಹಾಗಿಲ್ಲ. ನಿಂತರೆ ಬಸಿರಿನಲ್ಲೂ ಒಮ್ಮೆ ಪರೀಕ್ಷಿಸಿ ಖಚಿತಪಡಿಸಿಕೊಳ್ಳಿ ಎಂದೇ ನಾವು ಹೇಳುವುದು.

ಬಸಿರಾಗಲು ನಿಮಗೆ ತೊಂದರೆ ಇಲ್ಲದಿದ್ದರೆ ಇನ್ನೊಂದು ದಾರಿ ಇದೆ. ಸಹಜವಾಗಿ ಬಸಿರಾಗಿ, 11ರಿಂದ 13ನೇ ವಾರದಲ್ಲಿ ಮಾಸಿನ ಚೂರು ತೆಗೆದು ಪರೀಕ್ಷೆ. ಖರ್ಚು ಎಷ್ಟೋ ಕಡಿಮೆ. ಆದರೆ ಕಾಯಿಲೆ ಇದೆ ಎಂದು ಬಂದರೆ ಬಸಿರು ಉಳಿಸಬೇಕೋ ಬೇಡವೋ ಎಂಬ ಸಂಕಟ ನಿಮ್ಮದು. ಅದು ತಡೆಯಲಾಗದು ಎನ್ನುವವರಿಗೆ ನಾನು ಪಿಜಿಟಿ ಹೇಳುತ್ತೇನೆ. ಉಳಿದವರಿಗೆ ಸುಮ್ನೆ ಐವಿಎಫ್ ಹೇಳುವುದಿಲ್ಲ.

ಮತ್ತೊಬ್ಬರು: ಗಂಡೋ ಹೆಣ್ಣೋ ಅದೂ ಗೊತ್ತಾಗುತ್ತಾ?

ಉತ್ತರ: ಹೇಳುವಂತಿಲ್ಲ, ಕೇಳುವಂತೆಯೂ ಇಲ್ಲ. ಲಿಂಗ ಪತ್ತೆ ತಡೆಯುವ 1994ರ ಕಾಯ್ದೆ ಭ್ರೂಣ ಪರೀಕ್ಷೆಗೂ ಅನ್ವಯಿಸುತ್ತದೆ.

ಮೊದಲು ಕೇಳಿದವರು: ಹುಟ್ಟುವ ಮಗುವಿನ ಬೋನ್ ಮ್ಯಾರೋ ದೊಡ್ಡವನಿಗೆ ಹಾಕಲು ಆಗುತ್ತಾ ಮೇಡಂ?

ಉತ್ತರ: ಬೋನ್ ಮ್ಯಾರೋ, ಅಂದರೆ ಮೂಳೆಯೊಳಗೆ ರಕ್ತ ಹುಟ್ಟುವ ಮಜ್ಜೆ, ಅವನಿಗೆ ಹೊಂದುತ್ತದಾ ಎಂಬುದನ್ನೂ ಭ್ರೂಣದಲ್ಲೇ ನೋಡಬಹುದು. ಆದರೆ ಕಾಯಿಲೆಯೂ ಇರಬಾರದು, ಅಣ್ಣನಿಗೆ ಹೊಂದಲೂ ಬೇಕು ಎಂದರೆ ಲೆಕ್ಕದ ಪ್ರಕಾರ 16ರಲ್ಲಿ 3 ಭ್ರೂಣ. ಅದೊಂದೇ ಆಸೆಯಿಂದ ಹೊರಡಬೇಡಿ.

ಮೊದಲು ಕೇಳಿದವರು: ನಮ್ಮಿಬ್ಬರ ಎಚ್‌ಬಿಎ2 ರಕ್ತಪರೀಕ್ಷೆ ರಿಪೋರ್ಟ್ ಇದೆ. ಅಷ್ಟು ಸಾಕಾ?

ಉತ್ತರ: ಸಾಲದು. ಅದು ವಾಹಕರು ಎಂದಷ್ಟೇ ಹೇಳುತ್ತದೆ. ಜೀನ್‌ನಲ್ಲಿ ತಪ್ಪು ಎಲ್ಲಿದೆ ಎಂದು ಡಿಎನ್‌ಎ ಪರೀಕ್ಷೆಯಲ್ಲೇ ಗೊತ್ತಾಗಬೇಕು. ಎರಡು ದಾರಿಯಲ್ಲಿ ಯಾವುದಕ್ಕೆ ಹೋದರೂ ಅದು ಮೊದಲೇ ಕೈಯಲ್ಲಿರಬೇಕು, ಬಸಿರಾದ ಮೇಲೆ ಓಡಾಡಿದರೆ ವಾರಗಳು ಜಾರುತ್ತವೆ. ಮೂವರ ರಕ್ತವೂ ಬೇಕು. ಮಗನದನ್ನು ಮುಂದಿನ ಸಲ ರಕ್ತ ಏರಿಸುವ ಮುಂಚೆಯೇ ತೆಗೆಸಿಬಿಡಿ.